ಅಕ್ಕನ ಮುಖಕ್ಕೆ ಹಚ್ಚಿದ ಅರಿಶಿನ

ಬೇವಿನ ಚಿಗುರನ್ನು ಅರೆದು ಅದಕ್ಕೆ ಅರಿಶಿನದ ಕೊಂಬು ತೇಯ್ದು ಕೂಡಿಸಿದಾಗ ಒಂದು ವಾಸನೆ ಏಳುತ್ತದೆ. ಮೊದಲು ಕಹಿ ಬರುತ್ತದೆ, ಅದರ ಹಿಂದೆ ಹಸಿ ಮಣ್ಣು, ಕೊನೆಗೆ ಬಾಣಂತಿ ಮಲಗಿದ ಕೋಣೆಯ ಬೆಚ್ಚಗಿನದೊಂದು ಎಳೆ. ಬೇವನ್ನು ಬೇರೆ, ಅರಿಶಿನವನ್ನು ಬೇರೆ ನಾನು ಎಷ್ಟೋ ಸಲ ಮುಟ್ಟಿದ್ದೇನೆ. ಆದರೆ ಎರಡನ್ನೂ ಒಂದೇ ಬಟ್ಟಲಲ್ಲಿ ಕೂಡಿಸದೆ ನಲವತ್ತು ವರ್ಷ ದೂಡಿದ್ದೆ. ಮೊನ್ನೆ ರಜೆಗೆ ಮೊಮ್ಮಗಳು ಬಂದಳು. ಏನು ಹೇಳಲಿ ನನ್ನ ಸಂತೋಷ! ರಾಣೇಬೆನ್ನೂರಿನ ಬಸ್ ಸ್ಟ್ಯಾಂಡಿನಿಂದ ಮನೆಯವರೆಗೂ ಕಂಡಕಂಡವರಿಗೆಲ್ಲ ಇವಳು ನನ್ನ ಮೊಮ್ಮಗಳು ಎಂದು ತೋರಿಸಿಕೊಂಡು ಬಂದೆ. ಗುರುತಿಲ್ಲದ ಹೂವಿನವಳಿಗೂ ತೋರಿಸಿದೆ. ಹದಿನಾಲ್ಕರ ಹುಡುಗಿ, ನನಗಿಂತ ಒಂದು ಗೇಣು ಎತ್ತರ, ಗಲ್ಲದ ತುಂಬ ಮೊಡವೆ. ಬಂದ ಎರಡನೇ ದಿನವೇ ಅಡುಗೆಮನೆಯ ಕಟ್ಟೆಗೆ ಬೆನ್ನು ಕೊಟ್ಟು ನಿಂತು, “ಅಜ್ಜಿ, ನಿಮ್ಮ ಕಾಲದಾಗ ಇದಕ್ಕ ಏನ ಹಚ್ಚತಿದ್ರಿ? ಅದನ್ನ ನನಗೂ ಹಚ್ಚಬೇ” ಎಂದಳು. ಹೆತ್ತ ಮಗಳು ಒಮ್ಮೆಯೂ ನನ್ನ ಮದ್ದು ಕೇಳಲಿಲ್ಲ, ಮೊಮ್ಮಗಳು ಕೇಳಿದಳು. ಕೂಡಲೇ ಎದ್ದು ನಲ್ಲಿಯ ಕೆಳಗೆ ಕೈ ಹಿಡಿದೆ. ಸಾಬೂನಿನಿಂದ ಮೂರು ಸಲ ತೊಳೆದೆ. ಆಮೇಲೂ ಧೈರ್ಯ ಸಾಲದೆ ಹತ್ತು ಬೆರಳನ್ನೂ ಒಂದೊಂದಾಗಿ ನಾಲಿಗೆಗೆ ತಾಗಿಸಿಕೊಂಡೆ. “ಯಾಕಜ್ಜಿ, ಉಪ್ಪು ಸಾಕೇನ ನೋಡಾಕತ್ತಿಯೇನ?” ಎಂದು ಹುಡುಗಿ ಬಿದ್ದು ಬಿದ್ದು ನಕ್ಕಳು. ನನಗೆ ನಗು ಬರಲಿಲ್ಲ. ಬೇವು-ಅರಿಶಿನ ಕೂಡಿಸಿ ಅವಳ ಗಲ್ಲಕ್ಕೆ ಹಚ್ಚಿದೆನೇ ಹೊರತು, ಬೆರಳನ್ನು ಯಾಕೆ ಹಾಗೆ ನೆಕ್ಕಿ ನೋಡಿದೆ ಎಂದು ಹೇಳಲಿಲ್ಲ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಐದನೇ ಇಯತ್ತೆಗೆ ಶಾಲೆ ಬಿಟ್ಟವಳು ನಾನು. ಅಕ್ಷರ ತಪ್ಪಿದ್ದರೆ ನೀವೇ ತಿದ್ದಿಕೊಂಡು ಓದಬೇಕು.

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯ ಹಿಂದಿನ ಓಣಿಯಲ್ಲಿ ನಮ್ಮ ಮನೆ ಇತ್ತು. ಈಗ ಆ ಜಾಗದಲ್ಲಿ ತಗಡಿನ ಗೋದಾಮು ನಿಂತಿದೆ. ಎಂಬತ್ತರ ದಶಕದ ನಡುವಿನ ಮಾತು ಇದು. ಮಣ್ಣಿನ ಗೋಡೆ, ಮೇಲೆ ಮಾಳಿಗೆ, ನಡುವೆ ಪಡಸಾಲೆ, ಹಗಲಲ್ಲೂ ಕಣ್ಣು ಕಿರಿದು ಮಾಡಿ ಹೊಗಬೇಕಾದ ಅಡುಗೆಮನೆ, ಹಿಂದೆ ಬಚ್ಚಲು, ಬಚ್ಚಲ ನೀರು ಕುಡಿದು ಕೊಬ್ಬಿದ ಬೇವಿನ ಮರ. ಸುಗ್ಗಿ ಬಂತೆಂದರೆ ಚೀಲಗಳಿಂದ ಸುರಿದ ಕಾಯಿ ಪೇಟೆಯ ತುಂಬ ಗುಡ್ಡೆಗುಡ್ಡೆಯಾಗಿ ಬಿದ್ದು ಗಾಳಿಗೂ ಘಾಟು ಹತ್ತುತ್ತಿತ್ತು. ಬೇರೆ ಊರಿನ ನೆಂಟರು ನಮ್ಮ ಹೊಸ್ತಿಲಲ್ಲೇ ಸೀನಲು ಶುರುಮಾಡುತ್ತಿದ್ದರು. ನಮ್ಮಲ್ಲಿ ಯಾರಾದರೂ ಸೀನಿದರೆ ಅದು ಬರೀ ನೆಗಡಿ. ಅಪ್ಪ ಪೇಟೆಯಲ್ಲಿ ಹಮಾಲನಾಗಿದ್ದ. ಅವ್ವ ಒಂದು ಅಂಗಡಿಯ ಅಂಗಳಕ್ಕೆ ತುಂಬು ಬಿಡಿಸಲು ಹೋಗುತ್ತಿದ್ದಳು, ಅಂದರೆ ಒಣಕಾಯಿಯ ತೊಟ್ಟು ಮುರಿಯುವ ಕೆಲಸ. ಶಾಲೆ ಬಿಟ್ಟ ವರ್ಷದಿಂದ ನಾನೂ ಅವಳ ಬೆನ್ನಿಗೆ ಹೋಗತೊಡಗಿದ್ದೆ. ನನಗಾಗ ಹನ್ನೊಂದು. ಮೊದಲ ಎಂಟು ದಿನ ಅಂಗೈ ಒಲೆಯ ಮೇಲಿಟ್ಟ ಹಾಗೆ ಉರಿಯಿತು. ಆಮೇಲೆ ಉರಿ ನಿಂತಿತು. ನಿಂತಿತೆಂದರೆ ಖಾರ ಹೋಯಿತೆಂದಲ್ಲ, ಕೈಗೆ ಅದು ತಿಳಿಯುವುದು ನಿಂತಿತು. ಅದಕ್ಕಾಗಿಯೇ ನಮ್ಮ ಮನೆಯಲ್ಲಿ ಒಂದು ಕಟ್ಟಳೆ ಇತ್ತು: ಅಂಗಳದಿಂದ ಬಂದವರು ಮೊದಲು ಬಚ್ಚಲಿಗೆ ಹೋಗಿ ಕುಸುಬಿ ಎಣ್ಣೆಯಿಂದ ಕೈ ತಿಕ್ಕಿ, ಬೂದಿಯಿಂದ ಉಜ್ಜಿ, ಮಜ್ಜಿಗೆಯಲ್ಲಿ ತೊಳೆದು, ಆಮೇಲೆಯೇ ಅಡುಗೆಮನೆಯ ಹೊಸ್ತಿಲು ದಾಟಬೇಕು. ನೀರಿಗೆ ಖಾರ ಬಗ್ಗುವುದಿಲ್ಲ.

ಈ ಕಟ್ಟಳೆ ಮಾಡಿದವಳು ಆಯಿ, ಅಪ್ಪನ ತಾಯಿ. ಹೊಳೆದಂಡೆಯ ಐರಣಿಯಿಂದ ಸೊಸೆಯಾಗಿ ಬಂದವಳು. ಅವಳ ಅಡುಗೆಮನೆಯೇ ನಮ್ಮ ದವಾಖಾನೆ. ಗಂಟಲು ಕಟ್ಟಿದರೆ ಮೆಣಸು, ಹೊಟ್ಟೆ ನೊಂದರೆ ಓಂಕಾಳು, ಗಾಯಕ್ಕೆ ಅರಿಶಿನ, ಕುರುವಿಗೆ ಬಳ್ಳೊಳ್ಳಿ, ಮುಖದ ಮೊಡವೆಗೆ ಜಾಜಿಕಾಯಿಯನ್ನು ಹಾಲಲ್ಲಿ ತೇಯ್ದದ್ದು, ಜೇನುತುಪ್ಪ, ಕಡಲೆಹಿಟ್ಟು, ಮೊಸರು. ಯಾವುದಕ್ಕೂ ಬಗ್ಗದಿದ್ದರೆ ಬೇವು ಮತ್ತು ಅರಿಶಿನ. “ಮೊಡವಿ ಒಳಗ ಕೀವಿನ ಹುಳ ಇರ್ತೈತಿ. ಬೇವಿನ ಕಹಿಗೆ ಅದು ಸಾಯ್ತೈತಿ, ಅರಿಶಿನಕ್ಕ ಮತ್ತ ಹುಟ್ಟಂಗಿಲ್ಲ” ಎನ್ನುತ್ತಿದ್ದಳು. ಅವಳದು ಇನ್ನೂ ಎರಡು ನಂಬಿಕೆ. ಒಂದು, ಮುಖದ ಮದ್ದನ್ನು ಮೈನೆರೆಯದ ಹುಡುಗಿಯೇ ಅರೆದು, ಅವಳೇ ಹಚ್ಚಬೇಕು, ಆಗಲೇ ಗುಣ. ಇನ್ನೊಂದು, ಹಚ್ಚಿದ್ದು ಉರಿಯಬೇಕು. ಉರಿದಷ್ಟು ಗುಣ. ಮೆಣಸಿನಕಾಯಿಯ ಊರಿನಲ್ಲಿ ಬದುಕಿದವರಿಗೆ ಉರಿ ಎಂದರೆ ಹೆದರಿಕೆ ಇರಲಿಲ್ಲ. ಅದು ನಮಗೆ ಉಂಡ ಗುರುತು, ದುಡಿದ ಗುರುತು, ವಾಸಿಯಾಗುವ ಗುರುತು.

ಅಕ್ಕ ನೀಲವ್ವ ನನಗಿಂತ ಆರು ವರ್ಷ ದೊಡ್ಡವಳು. ಇಡೀ ಓಣಿಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲ ಹುಡುಗಿ. ದಿನವೂ ಹಾವೇರಿಗೆ ಬಸ್ಸು. ಅವಳ ಕಣ್ಣು ಎಂಥವೆಂದರೆ, ಅವಳು ಓದುತ್ತ ಕೂತಾಗ ರೆಪ್ಪೆಯ ನೆರಳು ಗಲ್ಲದ ಮೇಲೆ ಬೀಳುತ್ತಿತ್ತು. ಆ ಗಲ್ಲದ ಮೇಲೆ ಆ ವರ್ಷ ಮೊಡವೆ ಎದ್ದವು. ಒಂದಲ್ಲ ಎರಡಲ್ಲ, ಹಣೆ, ಗಲ್ಲ, ಗದ್ದ, ಎಲ್ಲ ಕಡೆ ಕೀವು ಕಟ್ಟಿದ ಗುಳ್ಳೆ. ಬಸ್ಸಿನ ಹಿಂದಿನ ಸೀಟಿನ ಹುಡುಗರು ಅವಳು ಹತ್ತಿದ ಕೂಡಲೇ “ಏ ಸರೀರಲೇ, ಜ್ವಾಳದ ತೆನಿ ಬಂತು, ಹಕ್ಕಿ ಹೊಡೀರಿ!” ಎಂದು ಕೂಗುತ್ತಿದ್ದರಂತೆ. ಒಂದು ಸೋಮವಾರ ಅವಳು ಬಸ್ಸಿಗೆ ಹೋಗಲಿಲ್ಲ. ಮಂಗಳವಾರವೂ ಹೋಗಲಿಲ್ಲ. ಅಪ್ಪ ಕಾರಣ ಕೇಳಿದರೆ ಹೊಟ್ಟೆನೋವು ಎಂದಳು. ನನ್ನನ್ನು ಹಿತ್ತಲಿಗೆ ಕರೆದು, “ಗಿರ್ಜಿ, ಇವು ಹೋಗೋ ತನಕಾ ನಾ ಕಾಲೇಜಿಗೆ ಹೋಗಂಗಿಲ್ಲ ನೋಡ” ಎಂದಳು. ಅಕ್ಕ ಅಳುವುದನ್ನು ನಾನು ನೋಡಿದ್ದು ಅದೇ ಮೊದಲು.

ಬ್ಯಾಡಗಿ ಕಾಯಿ ಹೆಸರಾದದ್ದು ಬಣ್ಣಕ್ಕೆ, ಖಾರಕ್ಕಲ್ಲ. ಆದರೆ ಮರುದಿನ ಅಂಗಳಕ್ಕೆ ಬಂದದ್ದು ನಮ್ಮ ಕಾಯಿಯಲ್ಲ, ಆಂಧ್ರದ ಕಡೆಯ ಗಿಡ್ಡ ಕಾಯಿ. ಮುರಿಯುವಾಗ ಅನುಭವಸ್ಥ ಹೆಂಗಸರೇ ಮೂಗಿಗೆ ಸೆರಗು ಕಟ್ಟಿಕೊಂಡಿದ್ದರು. ಅವ್ವ ಇನ್ನೂ ಒಂದು ಚೀಲ ಉಳಿದಿದೆ ಎಂದು ಅಲ್ಲೇ ಕೂತಳು. ನಾನು ಮಧ್ಯಾಹ್ನ ಇಳಿಯುವ ಹೊತ್ತಿಗೆ ಮನೆಗೆ ಓಡಿದೆ. ಅಕ್ಕ ಆಗಲೇ ಬೇವು ಕಿತ್ತು ತಂದು, ಬಟ್ಟಲು ಇಟ್ಟುಕೊಂಡು ನನ್ನ ದಾರಿ ಕಾಯುತ್ತಿದ್ದಳು. ಬಚ್ಚಲಿಗೆ ಹೋದೆ. ಎಣ್ಣೆಯ ಮಿಳ್ಳೆ ಬರಿದಾಗಿತ್ತು. ಒಳಗೆ ಹೋಗಿ ಡಬ್ಬಿಯಿಂದ ಬಗ್ಗಿಸಿಕೊಂಡು ಬರಬೇಕಿತ್ತು, ಅಷ್ಟೇ. ಹತ್ತು ಹೆಜ್ಜೆಯ ಕೆಲಸ. “ಲಗೂ ಬಾರ ಗಿರ್ಜಿ” ಎಂದು ಅಕ್ಕ ಕರೆದಳು. ಎರಡು ತಂಬಿಗೆ ನೀರು ಸುರಿದುಕೊಂಡು, ಲಂಗಕ್ಕೆ ಕೈ ಒರೆಸಿಕೊಂಡು ಓಡಿದೆ. ಬೇವು ಅರೆದೆ, ಅರಿಶಿನ ತೇಯ್ದೆ, ಮೊಸರು ಹಾಕಿ ಬೆರಳಿಂದ ಕಲಸಿದೆ. ಅಕ್ಕ ನನ್ನ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು ಕಣ್ಣು ಮುಚ್ಚಿ ಮುಖ ಎತ್ತಿದಳು. ಹಣೆಗೆ, ಗಲ್ಲಕ್ಕೆ, ರೆಪ್ಪೆಯ ಅಂಚಿನವರೆಗೆ ಹಚ್ಚಿದೆ. ಮೊದಲು ತಂಪು ಎಂದಳು. ಸ್ವಲ್ಪ ಹೊತ್ತಿಗೆ ಉರಿ ಎಂದಳು. ಒಲೆಯ ಮುಂದೆ ಕೂತಿದ್ದ ಆಯಿ ತಿರುಗಿಯೂ ನೋಡದೆ, “ಉರೀಲಿ ತಡಿ, ಹುಳ ಸಾಯಾಕತ್ತಾವ” ಎಂದಳು. ಅಕ್ಕ ಎರಡೂ ಮುಷ್ಟಿ ಬಿಗಿ ಹಿಡಿದು, ಲೇಪ ಒಣಗಿ ಬಿರಿಯುವ ತನಕ ಕೂತಳು. ಕಣ್ಣೀರು ಬಂದಾಗ ಬೆರಳಿಂದ ಉಜ್ಜಿಕೊಂಡಳು. ಆ ಬೆರಳಿಗೂ ಲೇಪ ಮೆತ್ತಿತ್ತು.

ಬೆಳಗಾಗುವಷ್ಟರಲ್ಲಿ ಅಕ್ಕನ ಮುಖ ಗುರುತು ಸಿಗದಂತೆ ಊದಿತ್ತು. ಒಡೆದ ಮೊಡವೆಗಳ ಸುತ್ತ ನೀರುಗುಳ್ಳೆ ಎದ್ದಿದ್ದವು, ಎರಡೂ ಕಣ್ಣು ಮುಚ್ಚಿಹೋಗಿದ್ದವು, ಮೈ ಸುಡುತ್ತಿತ್ತು. ಆಯಿ ಮೊದಲು ನನ್ನನ್ನೇ ಕರೆದಳು. “ಕೈ ಎಣ್ಣಿಲೆ ತಿಕ್ಕೊಂಡಿದ್ದಿಲ್ಲೋ?” ಅವಳ ಹಿಂದೆ ಅಪ್ಪ ನಿಂತಿದ್ದ, ಚೀಲ ಎತ್ತುವ ಕೊಕ್ಕೆಯನ್ನು ಹೆಗಲಿಗೆ ಹಾಕಿಕೊಂಡು. ನಾನು “ಹೂಂ” ಎಂದೆ. ಅಷ್ಟರಲ್ಲಿ ಪಕ್ಕದ ಮನೆಯ ಬಸಮ್ಮತ್ತೆ ಬಂದು ಬಗ್ಗಿ ನೋಡಿ, ಎರಡು ಹೆಜ್ಜೆ ಹಿಂದೆ ಸರಿದು ಕೈ ಮುಗಿದಳು. “ಅಯ್ಯ ನಮ್ಮವ್ವ, ಇವು ಮೊಡವಿ ಅಲ್ಲಬೇ. ಅಮ್ಮ ಬಂದಾಳ! ಬಾಗಿಲಿಗೆ ಬೇವು ಕಟ್ರಿ ಮೊದಲ.”

ಅಮ್ಮ ಬಂದ ಮನೆ ಎಂದರೆ ನಿಮಗೂ ಗೊತ್ತಿದ್ದೀತು. ಮೈಮೇಲೆ ಗುಳ್ಳೆ ಎದ್ದರೆ ಅದು ರೋಗವಲ್ಲ, ದೇವಿ ತಾನೇ ಮನೆಗೆ ಬಂದದ್ದು. ಬಾಗಿಲಿಗೆ ಬೇವಿನ ತೊಂಗಲು ಕಟ್ಟಿದರು. ಒಲೆಯ ಮೇಲೆ ಒಗ್ಗರಣೆ ನಿಂತಿತು. ಡಾಕ್ಟರ ಹೆಸರೆತ್ತುವ ಹಾಗಿಲ್ಲ. ಸೂಜಿ ತಾಗಿದರೆ ಆಕೆ ಮುನಿದು ಕಣ್ಣು ಕಿತ್ತುಕೊಂಡು ಹೋಗುತ್ತಾಳೆ ಎಂದು ನಂಬಿಕೆ. ಮನೆಯಲ್ಲಿ ಯಾರೂ ಎಣ್ಣೆ ಮುಟ್ಟುವ ಹಾಗಿಲ್ಲ. ಆ ಉರಿಗೆ ಬೇಕಾಗಿದ್ದದ್ದೇ ಒಂದು ಅಂಗೈ ಎಣ್ಣೆ, ಅದೂ ನನಗೊಬ್ಬಳಿಗೇ ಗೊತ್ತಿತ್ತು. ಅಕ್ಕನನ್ನು ಪಡಸಾಲೆಯ ಮೂಲೆಯಲ್ಲಿ ಬೇವಿನೆಲೆಯ ಮೇಲೆ ಮಲಗಿಸಿ ಅಡ್ಡ ಸೀರೆ ಕಟ್ಟಿದರು. ಸೀರೆಯ ಈಚೆ ನಾನು ಕೂತಿರುತ್ತಿದ್ದೆ. ಅಕ್ಕ ನರಳುವ ಸದ್ದು, ಕಣ್ಣು ಉಜ್ಜಿಕೊಳ್ಳುವ ಸದ್ದು, “ಉಜ್ಜಬ್ಯಾಡ ನನ್ನವ್ವ” ಎಂದು ಅವ್ವ ಕೈ ಹಿಡಿಯುವ ಬಳೆಯ ಸದ್ದು. ಹೆದರಿಕೆ ಎಂದರೆ ಎದೆ ಹೊಡೆದುಕೊಳ್ಳುತ್ತದೆ ಎನ್ನುತ್ತಾರೆ, ನನಗೆ ಹಾಗಾಗಲಿಲ್ಲ. ಅನ್ನ ಇಳಿಯಲಿಲ್ಲ, ಉಚ್ಚೆ ತಡೆಯಲಾಗಲಿಲ್ಲ. ಅಪ್ಪನ ಹೊಡೆತದ ಹೆದರಿಕೆ ಮೊದಲ ದಿನಕ್ಕೇ ಸಣ್ಣದಾಯಿತು. ಅದಕ್ಕಿಂತ ದೊಡ್ಡದು ದೇವಿಯದು. ನಾನು ಮಾಡಿದ್ದನ್ನು ಆಕೆಯ ತಲೆಗೆ ಕಟ್ಟಿದ್ದೇವೆ, ಆಕೆಗೆ ಗೊತ್ತಿರುವುದಿಲ್ಲವೇ? ಖರೇನೇ ಬಂದು ಬಾಗಿಲಲ್ಲಿ ನಿಂತರೆ? ಅದಕ್ಕಿಂತಲೂ ದೊಡ್ಡದು ಎರಡನೇ ದಿನ ಬಂತು. ಅವ್ವ ಹೊರಗೆ ಬಂದು ಆಯಿಯ ಕಿವಿಯಲ್ಲಿ, “ಎಡಗಣ್ಣಾಗ ಕೀವು ಸುರಿಯಾಕತ್ತೈತಿ, ಬೆಳಕ ತೋರ್ಸಿದ್ರ ಗೊತ್ತಾಗವಲ್ದು ಅಂತಾಳ” ಎಂದಳು. ಆಯಿ ಬೇವಿನ ನೀರು ಚಿಮುಕಿಸು ಎಂದಳು. ನಾನು ಎದ್ದು ನಿಂತೆ. ಹೇಳಬೇಕೆಂದು ಬಾಯಿ ತೆರೆದೆ. ಮತ್ತೆ ಕೂತೆ. ಆ ಕೂತದ್ದನ್ನು ನಾನು ಇವತ್ತಿಗೂ ಮರೆತಿಲ್ಲ.

ಚಿಕ್ಕವಳಿಗೆ ತಾಗದಿರಲಿ ಎಂದು ಹಗಲು ಹೊತ್ತು ನನ್ನನ್ನು ಬಸಮ್ಮತ್ತೆಯ ಜೊತೆ ಅಂಗಳಕ್ಕೆ ಕಳಿಸುತ್ತಿದ್ದರು. ಮೂರನೇ ದಿನ ಮಧ್ಯಾಹ್ನ ಬಂದವಳಿಗೆ ಆಯಿ, ದೇವಿಗೆ ಹಚ್ಚಲು, ಅಂದರೆ ಅಕ್ಕನ ಗುಳ್ಳೆಗಳಿಗೆ, ಬೇವು-ಅರಿಶಿನ ಅರೆದು ಕೊಡು ಎಂದಳು. ಮೈನೆರೆಯದವಳು ಮನೆಯಲ್ಲಿ ನಾನೊಬ್ಬಳೇ ತಾನೆ. ಬಚ್ಚಲಿಗೆ ಓಡಿದೆ. ಮನೆಯಲ್ಲಿ ಎಣ್ಣೆ ಮುಟ್ಟುವ ಹಾಗಿಲ್ಲ, ಮಜ್ಜಿಗೆ ಕಡೆದಿಲ್ಲ. ಬೂದಿಯಿಂದ ಉಜ್ಜಿದೆ, ಸಾಲದೆನಿಸಿತು. ಒಂದು ಇಟ್ಟಂಗಿ ಚೂರು ಸಿಕ್ಕಿತು, ಅದರಿಂದ ತಿಕ್ಕಿದೆ. ತಿಕ್ಕಿದೆ, ತಿಕ್ಕಿದೆ, ನೀರು ಕೆಂಪಾದರೂ ಬಿಡಲಿಲ್ಲ. ತಡವಾಯಿತೆಂದು ಆಯಿ ಬಂದು ಬಾಗಿಲಲ್ಲಿ ನಿಂತದ್ದು ನನಗೆ ತಿಳಿಯಲಿಲ್ಲ.

“ಏನ ಮಾಡಾಕತ್ತಿ?”

“ಕೈ ತೊಳ್ಯಾಕತ್ತೇನಿ ಆಯಿ.”

“ತೊಗಲ ಸುಲ್ಯಾಕತ್ತಿ, ತೊಳ್ಯೂದಲ್ಲ ಅದು.” ಅವಳು ಕೆಳಗೆ ಕೂತು ನನ್ನ ಬಲಗೈ ಎಳೆದುಕೊಂಡಳು. ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ನನ್ನ ತೋರುಬೆರಳನ್ನು ತನ್ನ ನಾಲಿಗೆಯ ತುದಿಗೆ ತಾಗಿಸಿದಳು. ರಕ್ತ ಒಸರುವ ಬೆರಳು, ಆದರೂ ಉಗುರಿನ ಸಂದಿಯಲ್ಲಿ ಖಾರ ಉಳಿದಿತ್ತು. “ನೀರಾಗ ತೊಳದ ಕೈ. ಅವತ್ತೂ ನೀರಾಗನ ತೊಳದಿದ್ದೇನ?” ಎಂದಳು. ನಾನು ಹೌದೆಂದು ತಲೆಯಾಡಿಸಿದೆ. ಆಯಿ ಬೈಯಲಿಲ್ಲ. ಗೋಡೆ ಹಿಡಿದು ಎದ್ದು, ಸೀದಾ ತಲೆಬಾಗಿಲಿಗೆ ಹೋಗಿ, ತಾನೇ ಕಟ್ಟಿದ ಬೇವಿನ ತೊಂಗಲನ್ನು ಕಿತ್ತು, “ತಪ್ಪಾತ ತಾಯಿ, ಮಾಡಿದಾಕಿ ನಾ, ಹೆಸರು ನಿಂದು ಹೇಳಿದ್ವಿ” ಎಂದು ಹಣೆಗೆ ಒತ್ತಿಕೊಂಡಳು. ವಿಷಯ ತಿಳಿದು ಅಪ್ಪ ಕೈ ಎತ್ತಿಕೊಂಡು ನನ್ನ ಮೇಲೆ ಬಂದ. ಆಯಿ ನಡುವೆ ನಿಂತಳು. “ಉರಿದಷ್ಟು ಗುಣ ಅಂತ ಕುಂದರ್ಸಿದಾಕಿ ನಾ. ಮೊದಲ ನನ್ನ ಹೊಡಿ, ಆಮ್ಯಾಲ ಆಕಿನ ಹೊಡಿಯಂತಿ. ಈಗ ಬಸ್ಸಿಗೆ ಹೊತ್ತಾಗೇತಿ.”

ಅಪ್ಪ, ಆಯಿ, ಅಕ್ಕ, ನಾನು ರಾಣೇಬೆನ್ನೂರಿನ ಬಸ್ಸು ಹತ್ತಿದೆವು. ನಾನು ಯಾಕೆ ಎಂದರೆ, ಅಕ್ಕ ನನ್ನ ಲಂಗದ ಚುಂಗು ಬಿಡಲಿಲ್ಲ. ಅವಳ ಮುಖಕ್ಕೆ ಎಣ್ಣೆ ಸವರಿ ಮೇಲೆ ಅವ್ವನ ಸೀರೆ ಮುಚ್ಚಿದ್ದರು. ಪಕ್ಕದ ಸೀಟಿನ ಹೆಂಗಸು, “ಮದಲಗಿತ್ತಿ ಏನಬೇ, ಭಾಳ ನಾಚತಾಳ?” ಎಂದು ನಕ್ಕಳು. ಆಯಿ ಸೀರೆಯ ಅಂಚನ್ನು ಇನ್ನಷ್ಟು ಕೆಳಗೆ ಎಳೆದಳು. ಕಣ್ಣಿನ ಡಾಕ್ಟರು ವಯಸ್ಸಾದವರು. ದೀಪ ಹಿಡಿದು, ರೆಪ್ಪೆ ಬಿಡಿಸಿ, ಬಹಳ ಹೊತ್ತು ನೋಡಿದರು. ನಾನು ಗೋಡೆಗೆ ಒರಗಿ ನಿಂತಿದ್ದೆ. “ಬಲಗಣ್ಣು ಉಳೀತೈತಿ” ಎಂದರು ಮೊದಲು. ಆಮೇಲೆ ಅಪ್ಪನ ಕಡೆ ತಿರುಗಿ, “ಬರೇ ಖಾರಕ್ಕ ಹಿಂಗಾಗಿಲ್ಲ ಇದು. ಉಜ್ಜಿ ಉಜ್ಜಿ ಗಾಯ ಆಗೇತಿ, ಗಾಯದಾಗ ಕೀವು ಕುಂತೈತಿ. ಮೊದಲನೇ ದಿನ ಬಂದಿದ್ರ ತೊಳದು, ಹನಿ ಔಷಧ ಹಾಕಿ ಕಳಸ್ತಿದ್ದೆ ನೋಡ್ರಿ” ಎಂದರು. ಆಯಿ ಸಣ್ಣ ದನಿಯಲ್ಲಿ, ಬೇವು-ಅರಿಶಿನ ಹಚ್ಚಿದ್ದು ತಪ್ಪಾಯಿತೇ ಎಂದು ಕೇಳಿದಳು. “ಅದರಾಗೂ ಕ್ರಿಮಿ ಕೊಲ್ಲೋ ಗುಣ ಇರತೈತಬೇ, ಸುಳ್ಳಲ್ಲ. ಖರೇ, ಹಚ್ಚೋ ಕೈ...” ಎಂದವರು, ಅರಿವೆ ಸುತ್ತಿದ ನನ್ನ ಕೈಗಳನ್ನು ಕಂಡು ಅಲ್ಲಿಗೇ ಮಾತು ನಿಲ್ಲಿಸಿದರು. ಅವರು ಬೈದಿದ್ದರೆ ಚೆನ್ನಾಗಿತ್ತು. ಮೊದಲನೇ ದಿನ ಎಂದರೆ ಯಾವ ದಿನವೆಂದು ಆ ಕೋಣೆಯಲ್ಲಿ ನನ್ನಷ್ಟು ತಿಳಿದವರು ಯಾರಿದ್ದರು?

ಎಡಗಣ್ಣಿಗೆ ಹೂ ಬಿತ್ತು. ಕರಿಗುಡ್ಡೆಯ ಮೇಲೆ ಅಕ್ಕಿಕಾಳಿನಷ್ಟು ಬಿಳಿ. ಬೆಳಕು-ಕತ್ತಲೆ ಗೊತ್ತಾಗುತ್ತಿತ್ತು, ಮುಖ ಕಾಣುತ್ತಿರಲಿಲ್ಲ. ಪಟ್ಟಿ ಬಿಚ್ಚಿದ ದಿನ ಅಕ್ಕ ನನ್ನನ್ನು ಹತ್ತಿರ ಕೂರಿಸಿಕೊಂಡು, “ಮೊಡವಿ ಹೋದುವೇನ ನೋಡ” ಎಂದಳು. ಗುಳ್ಳೆಗಳ ಜೊತೆಗೆ ಚರ್ಮ ಸುಲಿದು ಗಲ್ಲ ಎಳೆಗೂಸಿನದರಂತೆ ಬೆಳ್ಳಗೆ ನುಣ್ಣಗಿತ್ತು. “ಹೋಗ್ಯಾವಕ್ಕ” ಎಂದೆ. “ಮತ್ತ್ಯಾಕ ಅಳ್ತಿ? ನಿನ್ನ ಔಷಧ ಹತ್ತಿತಲ್ಲ” ಎಂದು ನಕ್ಕಳು. ಎರಡು ತಿಂಗಳಿಗೆ ಮೊಡವೆಗಳು ಮತ್ತೆ ಬಂದವು; ಇಪ್ಪತ್ತು ದಾಟಿದ ಮೇಲೆ ಯಾವ ಮದ್ದೂ ಇಲ್ಲದೆ ತಾವೇ ಹೋದವು. ಅಕ್ಕ ಮತ್ತೆ ಹಾವೇರಿಯ ಬಸ್ಸು ಹತ್ತಿದಳು. ಹಿಂದಿನ ಸೀಟಿನ ಹುಡುಗರು ಅವಳನ್ನು ಚುಡಾಯಿಸುವುದು ಬಿಟ್ಟು ಜಾಗ ಮಾಡಿಕೊಟ್ಟರಂತೆ. ಅದಕ್ಕೇ ಅವತ್ತು ಮನೆಗೆ ಬಂದು ಅತ್ತಳು.

ಓಣಿಗೆ ನಾವು ಏನೂ ಹೇಳಲಿಲ್ಲ. ಓಣಿಯ ಪಾಲಿಗೆ ಅಮ್ಮ ಬಂದು ಹೋಗಿದ್ದಳು, ಹೋಗುವಾಗ ಒಂದು ಕಣ್ಣಿನ ಗುರುತು ಇಟ್ಟುಹೋಗಿದ್ದಳು. ಹೊಸರಿತ್ತಿಯ ಕಡೆ ಅಕ್ಕನ ಮದುವೆಯಾದಾಗ ಗಂಡನ ಮನೆಯವರಿಗೂ ಅವಳು ಅದನ್ನೇ ಹೇಳಿದಳು. ಗಂಡನಿಗೆ, ಹುಟ್ಟಿದ ಮೂರು ಮಕ್ಕಳಿಗೆ, ಎಲ್ಲರಿಗೂ ಅದನ್ನೇ. ಒಮ್ಮೆ, ನಮ್ಮಿಬ್ಬರಿಗೂ ತಲೆ ಹಣ್ಣಾಗುತ್ತಿದ್ದಾಗ, ಖರೇ ಹೇಳಿಬಿಡಕ್ಕಾ, ನನಗೆ ಈ ಭಾರ ಸಾಕಾಗಿದೆ ಎಂದೆ. ಅಕ್ಕ ರೊಟ್ಟಿ ತಟ್ಟುತ್ತಿದ್ದಳು. “ಖರೇ ಹೇಳಿದ್ರ ಎಲ್ಲಾರೂ ನಿನ್ನ ಕೈ ನೋಡ್ತಾರ. ಅಮ್ಮನ ಕೈ ಯಾರೂ ನೋಡಂಗಿಲ್ಲ. ಸುಮ್ಮನ ಕುಂದರ” ಎಂದಳು.

ಆಯಿ ಹೋದಳು, ಅಪ್ಪ ಹೋದ, ಅವ್ವ ಹೋದಳು. ಹೋದ ವರ್ಷ ಅಕ್ಕ ಹೋದಳು. ಅವಳ ಮಕ್ಕಳು ಅವ್ವನ ಒಂದು ಕಣ್ಣನ್ನಾದರೂ ಉಳಿಸಿಕೊಟ್ಟಳೆಂದು ವರ್ಷಕ್ಕೊಮ್ಮೆ ದೇವಿಗೆ ಉಡಿ ತುಂಬುತ್ತಾರೆ. ನನ್ನನ್ನೂ ಕರೆಯುತ್ತಾರೆ, ಎಲ್ಲರಿಗಿಂತ ಮೊದಲು ಎಲೆ ಹಾಕುತ್ತಾರೆ. ಇದನ್ನು ಅವರೂ ಓದಬಹುದು. ಓದಲಿ ಎಂದೇ ಬರೆದಿದ್ದೇನೆ. ಮಕ್ಕಳೇ, ನಿಮ್ಮ ಅವ್ವನ ಎಡಗಣ್ಣು ಹೋದದ್ದು ದೇವಿಯಿಂದಲ್ಲ, ನಿಮ್ಮ ಚಿಕ್ಕವ್ವನಿಂದ. ಮೊದಲು ಎಣ್ಣೆಗೆ ಸೋಮಾರಿತನ ಮಾಡಿ, ಆಮೇಲೆ ಮೂರು ದಿನ ಬಾಯಿ ಬಿಡದೆ. ಅವಳಿಗೆ ಅದು ಗೊತ್ತಿತ್ತು. ಗೊತ್ತಿದ್ದೂ, ನೀವು ಮೂವರು ಹುಟ್ಟಿದಾಗಲೂ ಬಾಣಂತನಕ್ಕೆ ನನ್ನನ್ನೇ ಕರೆಸಿಕೊಂಡಳು. ನಿಮ್ಮ ಮೊದಲ ಎಣ್ಣೆನೀರು ನನ್ನ ಕೈಯಿಂದಲೇ ಆಗಬೇಕೆಂದು ಹಟ ಹಿಡಿದಳು. ನಾನು ಮತ್ತೆ ಮತ್ತೆ ಕೈ ತೊಳೆದುಕೊಂಡು ನಿಮ್ಮ ಮುಖ ತೊಳೆಯುವಾಗ ಅವಳು ಗೋಡೆಯ ಕಡೆ ತಿರುಗಿ, ನಿಶ್ಚಿಂತೆಯಿಂದ ನಿದ್ದೆ ಹೋಗಿರುತ್ತಿದ್ದಳು.